ಬಳ್ಳಾರಿ ಜಾಲಿ ಬಳ್ಳಾರಿಯದ್ದಲ್ಲ! ಹೊರಗಿನ ಜೀವಿಗಳ ದಾಳಿಯ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಚಾರ್ಲ್ಸ್ ಎಲ್ಟನ್ ಯಾರು?

ಬಯಲುಸೀಮೆಯಲ್ಲಿ ಕೆರೆಯಂಗಳ, ರೈಲು ಹಳಿಯ ಪಕ್ಕ, ಬೀಳುಬಿದ್ದ ಹೊಲ, ಎಲ್ಲಿ ನೋಡಿದರೂ ಕಾಣುವ ಮುಳ್ಳಿನ ಮರ ಬಳ್ಳಾರಿ ಜಾಲಿ. ಹೆಸರು ಕೇಳಿದರೆ ನಮ್ಮದೇ ಮಣ್ಣಿನ ಮರ ಅನ್ನಿಸುತ್ತದೆ. ಆದರೆ ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಅದು ಭಾರತಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಉರುವಲಿಗೆ ಆಗುತ್ತದೆ, ಒಣನೆಲ ಹಸಿರಾಗುತ್ತದೆ ಎಂದು ಜನರೇ ತಂದು ನೆಟ್ಟರು.

ಇನ್ನು ರಾಗಿಯನ್ನು ನೋಡಿ. ಮುದ್ದೆ ಎಂದರೆ ನಮ್ಮ ಗುರುತು ಅನ್ನುತ್ತೇವೆ. ರಾಗಿಯ ತವರು ಕೂಡ ಇಲ್ಲಿಯದಲ್ಲ, ಪೂರ್ವ ಆಫ್ರಿಕದ್ದು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ ಅಮೆರಿಕ ಖಂಡಗಳಿಂದ ಬಂದವು.

ಎರಡು ಬಗೆಯ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುತ್ತವೆ. ವಿದೇಶಿ ಗಿಡಮರವೆಲ್ಲ ವಿಷ, ಕಂಡಲ್ಲಿ ಕಿತ್ತೆಸೆಯಿರಿ ಎನ್ನುವುದು ಒಂದು. ಯಾವುದಾದರೇನು, ಹಸಿರಿದ್ದರೆ ಆಮ್ಲಜನಕ ಸಿಗುತ್ತದೆ, ಬೆಳೆಯಲು ಬಿಡಿ ಎನ್ನುವುದು ಇನ್ನೊಂದು. ಎರಡೂ ತಪ್ಪು. ಹಾಗಾದರೆ ಹೊರಗಿನಿಂದ ಬಂದ ಯಾವ ಜೀವಿ ಅಪಾಯಕಾರಿ, ಯಾವುದು ಅಲ್ಲ? ಅದನ್ನು ಕಂಡುಹಿಡಿಯುವುದು ಹೇಗೆ?

ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿ ಚಾರ್ಲ್ಸ್ ಎಲ್ಟನ್. ಅವರು ಹೇಳಿಕೊಟ್ಟ ಪಾಠ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ತರಗತಿಗೂ ಹೋಯಿತು, ರೇಡಿಯೋ ಮೂಲಕ ಮನೆಗಳಿಗೂ ಹೋಯಿತು. ಅವರ ಬದುಕಿನ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಒಂದು ಪದದ ಅರ್ಥ

ತನ್ನ ತವರಿನಿಂದ ದೂರದ ಜಾಗಕ್ಕೆ ಮನುಷ್ಯರ ಮೂಲಕ ಬಂದು, ಅಲ್ಲಿ ತಾನಾಗಿಯೇ ವೇಗವಾಗಿ ಹರಡಿ, ಅಲ್ಲಿನ ಜೀವಿಗಳಿಗೆ, ಬೆಳೆಗೆ ಅಥವಾ ಜನರ ಆರೋಗ್ಯಕ್ಕೆ ಹಾನಿ ಮಾಡುವ ಜೀವಿಯನ್ನು ಆಕ್ರಮಣಕಾರಿ ಪ್ರಭೇದ ಎನ್ನುತ್ತಾರೆ. ಇಲ್ಲಿ ಮೂರು ಷರತ್ತುಗಳಿವೆ: ಹೊರಗಿನಿಂದ ಬಂದಿರಬೇಕು, ತಾನೇ ಹರಡಬೇಕು, ಹಾನಿ ಮಾಡಬೇಕು. ರಾಗಿ ಮೊದಲನೆಯದನ್ನು ಮಾತ್ರ ಪೂರೈಸುತ್ತದೆ. ಬಳ್ಳಾರಿ ಜಾಲಿ ಮೂರನ್ನೂ ಪೂರೈಸುತ್ತದೆ. ವ್ಯತ್ಯಾಸ ಇರುವುದು ಅಷ್ಟೇ.

ಅಣ್ಣನ ಹಿಂದೆ ಹುಳುಹುಪ್ಪಟೆ ನೋಡುತ್ತಿದ್ದ ಹುಡುಗ

ಚಾರ್ಲ್ಸ್ ಸದರ್ಲೆಂಡ್ ಎಲ್ಟನ್ ಹುಟ್ಟಿದ್ದು 1900ರ ಮಾರ್ಚ್ 29ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ತಂದೆ ಆಲಿವರ್ ಎಲ್ಟನ್ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು. ತಾಯಿ ಲೆಟಿಶಿಯ ಮಕ್ಕಳಿಗಾಗಿ ಬರೆಯುತ್ತಿದ್ದರು. ಹುಡುಗನನ್ನು ಪ್ರಕೃತಿಯ ಕಡೆಗೆ ಎಳೆದವರು ಮಾತ್ರ ಅಣ್ಣ ಜೆಫ್ರಿ. ಸುಮ್ಮನೆ ನೋಡಿ ಖುಷಿಪಟ್ಟು ಬಿಡುವುದಲ್ಲ, ಕಂಡದ್ದನ್ನು ಬರೆದಿಟ್ಟು ಯೋಚಿಸಬೇಕು ಎಂಬ ಅಭ್ಯಾಸ ತನಗೆ ಅಣ್ಣನಿಂದ ಬಂತು ಎಂದು ಎಲ್ಟನ್ ಜೀವನಪೂರ್ತಿ ನೆನೆಯುತ್ತಿದ್ದರು. ಆ ಅಣ್ಣ 1927ರಲ್ಲಿ, ಇನ್ನೂ 33ನೇ ವಯಸ್ಸಿನಲ್ಲೇ ತೀರಿಕೊಂಡರು.

ಎಲ್ಟನ್ ಆಕ್ಸ್‌ಫರ್ಡ್‌ನಲ್ಲಿ ಪ್ರಾಣಿಶಾಸ್ತ್ರ ಓದಲು ಸೇರಿದಾಗ ಅಲ್ಲಿನ ಪಾಠವೆಂದರೆ ಹೆಚ್ಚಾಗಿ ಸತ್ತ ಪ್ರಾಣಿಗಳನ್ನು ಕುಯ್ದು ಒಳಗಿನ ರಚನೆ ನೋಡುವುದು. ಈ ಹುಡುಗನಿಗೆ ಬೇಕಿದ್ದದ್ದು ಬದುಕಿರುವ ಪ್ರಾಣಿಗಳ ಸಮಾಚಾರ: ಅವು ಏನು ತಿನ್ನುತ್ತವೆ, ಅವನ್ನು ಯಾರು ತಿನ್ನುತ್ತಾರೆ, ಒಂದು ವರ್ಷ ಹೆಚ್ಚಾಗಿ ಇನ್ನೊಂದು ವರ್ಷ ಕಡಿಮೆಯಾಗುವುದು ಯಾಕೆ?

ಗುರು ಜೂಲಿಯನ್ ಹಕ್ಸ್‌ಲಿ 1921ರಲ್ಲಿ ಅವರನ್ನು ಆರ್ಕ್‌ಟಿಕ್ ಪ್ರದೇಶದ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಹೊರಟ ತಂಡದಲ್ಲಿ ಸೇರಿಸಿಕೊಂಡರು. ಹಿಮದ ಆ ನಾಡಿನಲ್ಲಿ ಗಿಡವೂ ಕಡಿಮೆ, ಪ್ರಾಣಿಯೂ ಕಡಿಮೆ. ಆದ್ದರಿಂದಲೇ ಯಾವುದು ಯಾವುದನ್ನು ತಿನ್ನುತ್ತದೆ ಎಂದು ಗೆರೆ ಎಳೆದು ತೋರಿಸುವುದು ಸಾಧ್ಯವಿತ್ತು. ಸಸ್ಯಶಾಸ್ತ್ರಜ್ಞ ವಿನ್ಸೆಂಟ್ ಸಮ್ಮರ್‌ಹೇಸ್ ಜೊತೆ ಸೇರಿ ಎಲ್ಟನ್ ಅಂಥ ಒಂದು ಚಿತ್ರ ಬರೆದು 1923ರಲ್ಲಿ ಪ್ರಕಟಿಸಿದರು.

ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ನಾವೆಲ್ಲ ಶಾಲೆಯಲ್ಲಿ ಬಾಣದ ಗುರುತು ಹಾಕಿ ಬರೆದಿದ್ದೇವಲ್ಲ, ಆ ಆಹಾರ ಸರಪಳಿಯನ್ನು ಪರಿಸರ ವಿಜ್ಞಾನದ ನಡುಮನೆಗೆ ತಂದವರು ಎಲ್ಟನ್. ಕೆಳಗೆ ಲೆಕ್ಕವಿಲ್ಲದಷ್ಟು ಸಣ್ಣ ಜೀವಿಗಳು, ಮೇಲೆ ಬೆರಳೆಣಿಕೆಯ ದೊಡ್ಡ ಬೇಟೆಗಾರರು ಎಂಬ ಪಿರಮಿಡ್ ಕೂಡ ಅವರದೇ. ಇವೆಲ್ಲ ಇರುವ ಅವರ ಮೊದಲ ಪುಸ್ತಕ ‘ಅನಿಮಲ್ ಎಕಾಲಜಿ’ 1927ರಲ್ಲಿ ಬಂತು. ಅದನ್ನು ಬರೆಯಲು ಅವರು ತೆಗೆದುಕೊಂಡದ್ದು 85 ದಿನ.

ಈ ಸರಪಳಿಯ ಪಾಠವನ್ನು ನೆನಪಿಟ್ಟುಕೊಳ್ಳಿ. ಹೊರಗಿನ ಜೀವಿ ಯಾಕೆ ಕೆಲವೊಮ್ಮೆ ಅಂಕೆ ಮೀರುತ್ತದೆ ಎಂಬುದರ ಗುಟ್ಟು ಇಲ್ಲೇ ಇದೆ. ತವರಿನಲ್ಲಿ ಪ್ರತಿ ಜೀವಿಯನ್ನೂ ತಿನ್ನುವ ಇನ್ನೊಂದು ಇರುತ್ತದೆ. ಅದಕ್ಕೆ ರೋಗ ತರುವ ಸೂಕ್ಷ್ಮಜೀವಿಯೂ ಇರುತ್ತದೆ. ಹಡಗು ಹತ್ತುವಾಗ ಆ ಶತ್ರುಗಳು ಹಿಂದೆಯೇ ಉಳಿದುಬಿಡಬಹುದು. ಹೊಸ ನಾಡಿನಲ್ಲಿ ತಿನ್ನುವವರಿಲ್ಲದೆ ಹೋದರೆ ಬೆಳೆಯುವುದಕ್ಕೆ ತಡೆಯೇ ಇರುವುದಿಲ್ಲ.

ಕೊನೆಯ ಕಾಸಿನಲ್ಲಿ ಕೊಂಡ ಪುಸ್ತಕ, ಮತ್ತು ಒಂದು ಜನಪ್ರಿಯ ಸುಳ್ಳು

1923ರಲ್ಲಿ ಇನ್ನೊಂದು ಆರ್ಕ್‌ಟಿಕ್ ಪ್ರವಾಸ ಮುಗಿಸಿ ಬರುವಾಗ ನಾರ್ವೆಯ ಟ್ರೊಮ್ಸೊ ಪಟ್ಟಣದಲ್ಲಿ ಎಲ್ಟನ್ ಒಂದು ಪುಸ್ತಕದಂಗಡಿಗೆ ಹೋದರು. ಕೈಯಲ್ಲಿ ಉಳಿದಿದ್ದದ್ದು ಮೂರು ಪೌಂಡ್. ಅದರಲ್ಲಿ ಒಂದು ಪೌಂಡ್ ಕೊಟ್ಟು ನಾರ್ವೆಯ ಸಸ್ತನಿಗಳ ಬಗ್ಗೆ ರಾಬರ್ಟ್ ಕಾಲೆಟ್ ಬರೆದ ದಪ್ಪ ಪುಸ್ತಕ ಕೊಂಡರು. ನಾರ್ವೆಯ ಭಾಷೆ ಅವರಿಗೆ ಬರುತ್ತಿರಲಿಲ್ಲ. ಊರಿಗೆ ಬಂದು ನಿಘಂಟು ಪಕ್ಕದಲ್ಲಿಟ್ಟುಕೊಂಡು ಪದ ಪದ ಬಿಡಿಸಿ ಓದಿದರು.

ಅದರಲ್ಲಿ ಲೆಮ್ಮಿಂಗ್ ಎಂಬ ಪುಟ್ಟ ಇಲಿಯಂಥ ಪ್ರಾಣಿಯ ವಿಷಯವಿತ್ತು. ಕೆಲವು ವರ್ಷಗಳಿಗೊಮ್ಮೆ ಅವು ವಿಪರೀತ ಹೆಚ್ಚುತ್ತವೆ, ಹಿಂಡು ಹಿಂಡಾಗಿ ವಲಸೆ ಹೊರಡುತ್ತವೆ, ಆಮೇಲೆ ಕುಸಿದುಬಿಡುತ್ತವೆ. ಪ್ರಕೃತಿ ತಕ್ಕಡಿಯಂತೆ ಸದಾ ಸಮವಾಗಿ ನಿಂತಿರುತ್ತದೆ ಎಂಬ ನಂಬಿಕೆ ಎಲ್ಟನ್ ಅವರಿಗೆ ಆಗಲೇ ಅಲುಗಾಡಿತು. ಪ್ರಾಣಿಗಳ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಕಾರಣ ತಿಳಿಯಬೇಕಾದರೆ ವರ್ಷಾನುಗಟ್ಟಲೆ ಎಣಿಸಬೇಕು. 1924ರಲ್ಲಿ ಈ ಏರಿಳಿತದ ಬಗ್ಗೆ ಅವರು ದೊಡ್ಡ ಪ್ರಬಂಧ ಬರೆದರು.

ಲೆಮ್ಮಿಂಗ್‌ಗಳು ಗುಂಪಾಗಿ ಬಂಡೆಯಿಂದ ಹಾರಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ವಿಡಿಯೊ ನೀವೂ ನೋಡಿರಬಹುದು. ಅದು ಸುಳ್ಳು. 1958ರ ‘ವೈಟ್ ವೈಲ್ಡರ್‌ನೆಸ್’ ಎಂಬ ಚಿತ್ರಕ್ಕಾಗಿ ಬೇರೆ ಕಡೆಯಿಂದ ಲೆಮ್ಮಿಂಗ್‌ಗಳನ್ನು ತರಿಸಿ, ಸಮುದ್ರವೇ ಇಲ್ಲದ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಆ ದೃಶ್ಯವನ್ನು ಕೃತಕವಾಗಿ ಚಿತ್ರೀಕರಿಸಿದ್ದರು. ವಲಸೆ ಹೋಗುವಾಗ ನದಿ ದಾಟಲು ಹೋಗಿ ಕೆಲವು ಮುಳುಗುವುದುಂಟು, ಅಷ್ಟೇ. ಕಣ್ಣಾರೆ ಕಂಡೆವು ಎನ್ನುವ ಚಿತ್ರಕ್ಕೂ ಎಲ್ಲಿ, ಯಾವಾಗ ಎಂಬ ಪ್ರಶ್ನೆ ಕೇಳಲೇಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬೇಟೆಗಾರರೇ ಮೇಷ್ಟ್ರುಗಳಾದಾಗ

ಎಣಿಸಬೇಕು ಎಂದುಕೊಂಡರೆ ಸಾಲದು. ಸಾವಿರಾರು ಮೈಲಿ ಕಾಡನ್ನು ಒಬ್ಬ ವಿಜ್ಞಾನಿ ಎಣಿಸಲು ಆಗುತ್ತದೆಯೇ? ಎಲ್ಟನ್ ಕಂಡುಕೊಂಡ ದಾರಿ ಸರಳ. ಕಾಡಿನಲ್ಲಿ ದಿನವೂ ಓಡಾಡುವವರನ್ನೇ ಕೇಳಿದರು.

1925ರಿಂದ ಕೆಲವು ವರ್ಷ ಅವರು ಹಡ್ಸನ್ಸ್ ಬೇ ಕಂಪನಿಗೆ ಸಲಹೆಗಾರರಾಗಿದ್ದರು. ಕೆನಡಾದಲ್ಲಿ ಪ್ರಾಣಿಗಳ ತುಪ್ಪುಳು ತೊಗಲಿನ ವ್ಯಾಪಾರ ಮಾಡುತ್ತಿದ್ದ ಈ ಕಂಪನಿಯ ಲೆಕ್ಕದ ಪುಸ್ತಕಗಳಲ್ಲಿ ಯಾವ ವರ್ಷ ಯಾವ ಪ್ರಾಣಿಯ ಎಷ್ಟು ತೊಗಲು ಬಂತು ಎಂಬ ವಿವರ ಬಹಳ ಹಿಂದಿನಿಂದ ಇತ್ತು. ವ್ಯಾಪಾರಿಗೆ ಅದು ಲಾಭ ನಷ್ಟದ ಲೆಕ್ಕ. ಎಲ್ಟನ್ ಕಣ್ಣಿಗೆ ಅದು ಕಾಡಿನ ಜಾತಕ. ಲಿಂಕ್ಸ್ ಎಂಬ ಕಾಡುಬೆಕ್ಕಿನ ಸಂಖ್ಯೆ ಸುಮಾರು 10 ವರ್ಷಕ್ಕೊಮ್ಮೆ ಏರಿ ಇಳಿಯುವುದು ಆ ಅಂಕಿಗಳಲ್ಲಿ ಎದ್ದು ಕಂಡಿತು.

1932ರಲ್ಲಿ ಎಲ್ಟನ್ ಆಕ್ಸ್‌ಫರ್ಡ್‌ನಲ್ಲಿ ‘ಬ್ಯೂರೋ ಆಫ್ ಅನಿಮಲ್ ಪಾಪ್ಯುಲೇಶನ್’ ಎಂಬ ಸಣ್ಣ ಸಂಸ್ಥೆ ಕಟ್ಟಿದರು. ಅಲ್ಲಿಂದ ಕೆನಡಾದ ಬೇಟೆಗಾರರಿಗೆ, ವ್ಯಾಪಾರಿಗಳಿಗೆ, ಪೊಲೀಸರಿಗೆ ವರ್ಷ ವರ್ಷವೂ ಪ್ರಶ್ನೆಪತ್ರಗಳು ಹೋಗುತ್ತಿದ್ದವು. ನಿಮ್ಮ ಕಡೆ ಹೋದ ವರ್ಷಕ್ಕಿಂತ ಈ ವರ್ಷ ಮೊಲ ಹೆಚ್ಚೋ ಕಡಿಮೆಯೋ ಎಂಬಂಥ ಸರಳ ಪ್ರಶ್ನೆಗಳು. ಉತ್ತರ ಬರೆದವರು ವಿಜ್ಞಾನಿಗಳಲ್ಲ. ಆದರೆ ಅವರೆಲ್ಲರ ಉತ್ತರ ಒಟ್ಟುಗೂಡಿಸಿದಾಗ ಒಂದು ಇಡೀ ದೇಶದ ನಕ್ಷೆ ಮೂಡಿತು. ಇಂದು ಜನವಿಜ್ಞಾನ ಎಂದು ನಾವು ಕರೆಯುವ ಕೆಲಸವನ್ನು ಮೊಬೈಲ್ ಇಲ್ಲದ ಕಾಲದಲ್ಲಿ ಅಂಚೆಯ ಮೂಲಕ ಮಾಡಿದ್ದರು.

ಎರಡು ಪ್ರಾಣಿಗಳು, ಎರಡು ಕಥೆ

ಇದೇ ಹೊತ್ತಿಗೆ ಬ್ರಿಟನ್ನಿನಲ್ಲೇ ಒಂದು ಅನಾಹುತ ಶುರುವಾಗಿತ್ತು. ಮಸ್ಕ್‌ರ್ಯಾಟ್ ಎಂಬುದು ಉತ್ತರ ಅಮೆರಿಕದ, ಹೆಗ್ಗಣಕ್ಕಿಂತ ದೊಡ್ಡದಾದ, ನೀರಿನ ದಂಡೆಯಲ್ಲಿ ಬಿಲ ತೋಡುವ ಪ್ರಾಣಿ. 1920ರ ದಶಕದ ಕೊನೆಯಲ್ಲಿ ಅದರ ತುಪ್ಪುಳಿಗಾಗಿ ಬ್ರಿಟನ್ನಿಗೆ ತಂದು ಸಾಕತೊಡಗಿದರು. ಕೆಲವು ತಪ್ಪಿಸಿಕೊಂಡವು. ನದಿ, ಕಾಲುವೆಗಳ ದಂಡೆ ಕೊರೆಯತೊಡಗಿದವು.

ಯುರೋಪಿನಲ್ಲಿ ಏನಾಗಿದೆ ಎಂಬುದು ಆಗಲೇ ಗೊತ್ತಿತ್ತು. 1905ರಲ್ಲಿ ಪ್ರಾಗ್ ಬಳಿ ಬಿಟ್ಟದ್ದು ಬರೀ ಐದು ಮಸ್ಕ್‌ರ್ಯಾಟ್. ಕೆಲವೇ ದಶಕಗಳಲ್ಲಿ ಅವು ಮಧ್ಯ ಯುರೋಪನ್ನೆಲ್ಲ ಆವರಿಸಿದ್ದವು. ಬ್ರಿಟನ್ ತಡಮಾಡಲಿಲ್ಲ. 1932ರಲ್ಲಿ ಹಾನಿಕಾರಕ ಆಮದು ಪ್ರಾಣಿಗಳ ಕಾನೂನು ತಂದಿತು. ಬೋನು ಒಡ್ಡುವವರನ್ನು ನೇಮಿಸಿತು. ಆ ದಶಕ ಮುಗಿಯುವ ಮುನ್ನವೇ ಮಸ್ಕ್‌ರ್ಯಾಟ್ ಅಲ್ಲಿ ನಿರ್ನಾಮವಾಯಿತು. ಬೆಲೆ ತೆರಬೇಕಾಯಿತು ನಿಜ. ಬೋನುಗಳಿಗೆ ಬೇರೆ ನಿರಪರಾಧಿ ಪ್ರಾಣಿ ಪಕ್ಷಿಗಳೂ ಬಲಿಯಾದವು.

ಈಗ ಇನ್ನೊಂದು ಕಥೆ. ಅಮೆರಿಕದ ಬೂದು ಅಳಿಲನ್ನು 19ನೇ ಶತಮಾನದಲ್ಲೇ ಅಂದಕ್ಕೆಂದು ತಂದು ಬ್ರಿಟನ್ನಿನ ಎಸ್ಟೇಟುಗಳಲ್ಲಿ ಬಿಟ್ಟಿದ್ದರು. ಮುದ್ದಾದ ಪ್ರಾಣಿ, ಯಾರೂ ಚಿಂತಿಸಲಿಲ್ಲ. ಎಲ್ಟನ್ ಅವರ ಬ್ಯೂರೋದಲ್ಲಿದ್ದ ಮೋನಿಕಾ ಶಾರ್ಟನ್ ಈ ಅಳಿಲು ಎಲ್ಲೆಲ್ಲಿ ಹಬ್ಬಿದೆ ಎಂದು ಜನರಿಂದ ಮಾಹಿತಿ ತರಿಸಿ ನಕ್ಷೆ ಮಾಡುವ ಹೊತ್ತಿಗೆ ಕಾಲ ಮಿಂಚಿತ್ತು. ಬೂದು ಅಳಿಲು ಇವತ್ತಿಗೂ ಅಲ್ಲಿದೆ. ಅಲ್ಲಿನ ಮೂಲನಿವಾಸಿ ಕೆಂಪು ಅಳಿಲು ಇಂಗ್ಲೆಂಡಿನ ಬಹುಭಾಗದಿಂದ ಮರೆಯಾಗಿದೆ.

ಎರಡೂ ಅಮೆರಿಕದಿಂದ ಬಂದ ಪ್ರಾಣಿಗಳೇ. ಒಂದನ್ನು ಕೆಲವೇ ಸಾವಿರ ಇದ್ದಾಗ ಹಿಡಿದರು. ಇನ್ನೊಂದನ್ನು ದೇಶವೆಲ್ಲ ಹಬ್ಬಿದ ಮೇಲೆ ಗಮನಿಸಿದರು. ಹೊರಗಿನ ಜೀವಿಯ ವಿಷಯದಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆ: ಯಾರು ಮೊದಲು ನೋಡಿದರು, ನೋಡಿದ ಮೇಲೆ ಯಾರಿಗೆ ಹೇಳಿದರು?

ಎರಡನೇ ಮಹಾಯುದ್ಧದಲ್ಲಿ ಎಲ್ಟನ್ ಮತ್ತು ಸಂಗಡಿಗರು ಬೇರೆ ಸಂಶೋಧನೆ ಬದಿಗಿಟ್ಟು ಇಲಿ, ಹೆಗ್ಗಣ, ಮೊಲಗಳಿಂದ ಆಹಾರ ಉಳಿಸುವ ಕೆಲಸಕ್ಕೆ ಇಳಿದರು. ಹಡಗಿನಲ್ಲಿ ಜಗತ್ತು ಸುತ್ತಿದ ಹೆಗ್ಗಣ ಒಂದು ದೇಶದ ಊಟಕ್ಕೆ ಹೇಗೆ ಕನ್ನ ಹಾಕುತ್ತದೆ ಎಂಬುದನ್ನು ಅವರು ಉಗ್ರಾಣಗಳಲ್ಲಿ ನೋಡಿದರು.

ರೇಡಿಯೋದಲ್ಲಿ ಪಾಠ

1957ರಲ್ಲಿ ಎಲ್ಟನ್ ಬಿಬಿಸಿ ರೇಡಿಯೋದಲ್ಲಿ ಮೂರು ಭಾಷಣ ಮಾಡಿದರು. ಮರುವರ್ಷ ಅವು ಬೆಳೆದು ಪುಸ್ತಕವಾದವು: ‘ದಿ ಎಕಾಲಜಿ ಆಫ್ ಇನ್ವೇಶನ್ಸ್ ಬೈ ಅನಿಮಲ್ಸ್ ಅಂಡ್ ಪ್ಲಾಂಟ್ಸ್’. ಪ್ರಾಣಿ ಮತ್ತು ಸಸ್ಯಗಳ ಆಕ್ರಮಣವನ್ನು ಒಂದು ಪ್ರತ್ಯೇಕ ವಿಷಯವಾಗಿ ಎತ್ತಿಕೊಂಡ ಮೊದಲ ಮುಖ್ಯ ಪುಸ್ತಕ ಇದು.

ಅದು ಅಣುಬಾಂಬಿನ ಭಯದ ಕಾಲ. ಸ್ಫೋಟ ಎಂದರೆ ಬಾಂಬು ಮಾತ್ರವಲ್ಲ, ಒಂದು ಜೀವಿ ಹೊಸ ನಾಡಿನಲ್ಲಿ ಹಠಾತ್ತಾಗಿ ಹೆಚ್ಚುವುದೂ ಸ್ಫೋಟವೇ ಎಂದು ಎಲ್ಟನ್ ಓದುಗರಿಗೆ ತಿಳಿಹೇಳಿದರು. ಆಮೇಲೆ ಒಂದೊಂದೇ ಉದಾಹರಣೆ ಬಿಡಿಸಿದರು.

ಅವುಗಳಲ್ಲಿ ಒಂದು ಬ್ರೆಜಿಲ್‌ನ ಸೊಳ್ಳೆ. ಆಫ್ರಿಕದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆ 1930ರಲ್ಲಿ ಬ್ರೆಜಿಲ್‌ನ ನಟಾಲ್ ಪಟ್ಟಣದಲ್ಲಿ ಮೊದಲು ಕಂಡಿತು. ಪಶ್ಚಿಮ ಆಫ್ರಿಕದಿಂದ ವೇಗದ ಹಡಗಿನಲ್ಲಿ ಬಂದಿರಬೇಕು. ಪಟ್ಟಣದಲ್ಲಿ ಅದನ್ನು ಅಡಗಿಸಿದರು, ಆದರೆ ಹೊರಗಿನ ಹಳ್ಳಿಗಳ ಕಡೆ ಸದ್ದಿಲ್ಲದೆ ಹರಡಿತು. 1938ರ ಹೊತ್ತಿಗೆ ಭೀಕರ ಮಲೇರಿಯಾ. ಸಾವಿರಾರು ಜನ ಸತ್ತರು. ಫ್ರೆಡ್ ಸೋಪರ್ ನೇತೃತ್ವದಲ್ಲಿ ಸಾವಿರಾರು ಕಾರ್ಯಕರ್ತರು ಮನೆ ಮನೆ, ಹೊಂಡ ಹೊಂಡ ಹುಡುಕಿ 1940ರ ವೇಳೆಗೆ ಅದನ್ನು ಅಲ್ಲಿಂದ ತೊಡೆದುಹಾಕಿದರು.

ಎಲ್ಟನ್ ಹೇಳಿದ್ದು ಮುಖ್ಯವಾಗಿ ಮೂರು ಮಾತು. ಮೊದಲನೆಯದು, ಸಮುದ್ರ, ಪರ್ವತ, ಮರುಭೂಮಿಗಳು ಕೋಟ್ಯಂತರ ವರ್ಷ ಜೀವಿಗಳ ನಡುವೆ ಗೋಡೆಯಾಗಿದ್ದವು. ನಮ್ಮ ಹಡಗು, ಕಾಲುವೆ, ವ್ಯಾಪಾರ ಆ ಗೋಡೆಗಳನ್ನು ಒಡೆದಿವೆ. ಎರಡನೆಯದು, ಹರಡಿದ ಮೇಲೆ ಓಡಿಸುವುದಕ್ಕಿಂತ ಒಳಗೆ ಬಿಡದಿರುವುದು ಸುಲಭ. ಮೂರನೆಯದು, ಒಂದೇ ಬೆಳೆಯ ಬಯಲು, ಬೋಳಾದ ನೆಲ ಹೊರಗಿನವರಿಗೆ ಬಾಗಿಲು ತೆರೆದಂತೆ. ಬಗೆಬಗೆಯ ಗಿಡ, ಹುಳು, ಹಕ್ಕಿ ಇರುವ ಕಡೆ ಅವಕ್ಕೆ ನೆಲೆಯೂರುವುದು ಕಷ್ಟ. ಅದಕ್ಕೇ ಹೊಲಗಳ ನಡುವಿನ ಬೇಲಿಸಾಲು, ದಾರಿ ಬದಿಯ ಪೊದೆಗಳನ್ನು ಉಳಿಸಿ ಎಂದು ಅವರು ಒತ್ತಾಯಿಸಿದರು. ಬದುವಿನ ಮೇಲೆ ಹೊಂಗೆ, ಲಕ್ಕಿ, ತಂಗಡಿ ಉಳಿಸಿಕೊಳ್ಳುವ ನಮ್ಮ ರೈತರಿಗೆ ಈ ಮಾತು ಹೊಸದೇನಲ್ಲ.

ಎಲ್ಟನ್ ಹೇಳಿದ್ದೆಲ್ಲ ಸರಿಯೇ?

ವಿಜ್ಞಾನದಲ್ಲಿ ಯಾರ ಮಾತೂ ವೇದವಾಕ್ಯವಲ್ಲ. ಎಲ್ಟನ್ ನಂತರ ನಡೆದ ಅಧ್ಯಯನಗಳು ಚಿತ್ರವನ್ನು ತಿದ್ದಿವೆ. ಹೊರಗಿನಿಂದ ಬಂದ ಜೀವಿಗಳಲ್ಲಿ ಹೆಚ್ಚಿನವು ನೆಲೆಯೂರುವುದೇ ಇಲ್ಲ. ನೆಲೆಯೂರಿದವುಗಳಲ್ಲೂ ಕೆಲವು ಮಾತ್ರ ಹಾನಿಕಾರಕ. ಜೀವವೈವಿಧ್ಯ ಹೆಚ್ಚಿರುವ ಕಾಡಿಗೂ ಕೆಲವೊಮ್ಮೆ ಅವು ನುಗ್ಗುತ್ತವೆ. ಆಕ್ರಮಣ, ಸ್ಫೋಟ, ಶತ್ರು ಎಂಬ ಯುದ್ಧದ ಭಾಷೆ ಜನರಲ್ಲಿ ತಿಳಿವಳಿಕೆಗಿಂತ ದ್ವೇಷ ಹುಟ್ಟಿಸಬಹುದು ಎಂದು ಆಕ್ಷೇಪಿಸಿದವರೂ ಇದ್ದಾರೆ.

ಆ ಆಕ್ಷೇಪದಲ್ಲಿ ಹುರುಳಿದೆ. ಯಾಕೆಂದರೆ ನಮ್ಮ ಜೀವಿಗಳೂ ಬೇರೆಯವರಿಗೆ ತಲೆನೋವಾಗಿವೆ. ನಮ್ಮ ಮನೆಯಂಗಳದ ಕಾಗೆ ಪೂರ್ವ ಆಫ್ರಿಕದ ಕರಾವಳಿಯಲ್ಲಿ ದೊಡ್ಡ ಪೀಡೆ. ನಮ್ಮ ಗೊರವಂಕ, ಅಂದರೆ ಮೈನಾ, ಆಸ್ಟ್ರೇಲಿಯಾದ ಊರುಗಳಲ್ಲಿ ಅಲ್ಲಿನ ಹಕ್ಕಿಗಳ ಗೂಡು ಕಸಿಯುತ್ತದೆ. ನಮ್ಮ ನಗರಗಳ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೆಫೆನ್ಸಿ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಂಡಿತು, ಈಗ ಹಲವು ದೇಶಗಳಿಗೆ ಹಬ್ಬಿದೆ. ಜೀವಿ ಕೆಟ್ಟದ್ದಲ್ಲ. ಅದನ್ನು ತಪ್ಪು ಜಾಗಕ್ಕೆ ಒಯ್ದದ್ದು ಮನುಷ್ಯ.

ನಮ್ಮ ಊರಿನ ಲೆಕ್ಕ

ಎಲ್ಟನ್ ಪಾಠವನ್ನು ಕರ್ನಾಟಕದ ನೆಲದಲ್ಲಿ ಇಟ್ಟು ನೋಡೋಣ. ಲಂಟಾನ ಅಂದದ ಹೂವಿಗಾಗಿ ಭಾರತಕ್ಕೆ ಬಂದ ಅಮೆರಿಕದ ಪೊದೆ. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹುಲ್ಲು ಬೆಳೆಯಲು ಬಿಡುತ್ತಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಅದೇ ಲಂಟಾನದ ಕಡ್ಡಿಯಿಂದ ಪೀಠೋಪಕರಣ, ಆನೆಯ ಪ್ರತಿಕೃತಿಗಳನ್ನು ಮಾಡಿ ಬದುಕಿಗೆ ದಾರಿ ಮಾಡಿಕೊಂಡಿದ್ದಾರೆ.

ಆಫ್ರಿಕದ ದೈತ್ಯ ಬಸವನಹುಳುವನ್ನು 1847ರಲ್ಲಿ ಬೆನ್ಸನ್ ಎಂಬುವರು ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದರು. ಈಗ ಅದು ಕೊಡಗಿನ ಕಾಫಿ ತೋಟಗಳಿಗೂ ಮುತ್ತಿದೆ. ಮಿದುಳು ಪೊರೆಯ ಉರಿಯೂತ ತರಬಲ್ಲ ಪರೋಪಜೀವಿ ಹುಳುವನ್ನು ಅದು ಹೊತ್ತಿರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು.

ಕಾಂಗ್ರೆಸ್ ಗಿಡ ಎಂದು ಜನ ಕರೆಯುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂತು. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅನೇಕರಿಗೆ ಅದರಿಂದ ಚರ್ಮದ ತುರಿಕೆ, ಸೀನು, ಉಬ್ಬಸ ಬರುತ್ತದೆ.

ಶತ್ರುವನ್ನು ತಂದುಬಿಟ್ಟರೆ ಸರಿಹೋಗುತ್ತದೆ ಎಂಬ ಫಾರ್ವರ್ಡ್ ಕೂಡ ಬರುತ್ತದೆ. ಇದು ಅರ್ಧ ಸತ್ಯ. ಮೆಕ್ಸಿಕೊದಿಂದ ತಂದ ದುಂಬಿಯೊಂದನ್ನು ಬೇರೆ ಗಿಡಗಳನ್ನು ತಿನ್ನುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ 1984ರಲ್ಲಿ ಬೆಂಗಳೂರಿನಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟರು. ಮಳೆಗಾಲದಲ್ಲಿ ಅದು ಗಿಡದ ಎಲೆ ತಿಂದು ಬೋಳು ಮಾಡುತ್ತದೆ. ನಡುವೆ ಸೂರ್ಯಕಾಂತಿ ಗಿಡದ ಮೇಲೂ ದುಂಬಿ ಕಂಡು ರೈತರಿಗೆ ಆತಂಕವಾಯಿತು. ತಜ್ಞರು ಪರಿಶೀಲಿಸಿ ಬೆಳೆಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂದರು. ಆದರೆ ಸೊಳ್ಳೆ ತಿನ್ನಲಿ ಎಂದು ಕೆರೆಕುಂಟೆಗೆ ಬಿಟ್ಟ ವಿದೇಶಿ ಗ್ಯಾಂಬುಸಿಯಾ ಮೀನು ನಾಡಮೀನಿನ ಮರಿ, ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಪರೀಕ್ಷಿಸದೆ ಬಿಟ್ಟರೆ ಮದ್ದೇ ರೋಗವಾಗುತ್ತದೆ.

ಶಾಲೆಯಲ್ಲಿ, ಊರಿನಲ್ಲಿ ಏನು ಮಾಡಬಹುದು?

ಎಲ್ಟನ್ ಕೆಲಸದಿಂದ ನಾವು ಆಯ್ದ ನಾಲ್ಕು ಪ್ರಶ್ನೆಗಳು ಇಲ್ಲಿವೆ. ಮಕ್ಕಳು ಯಾವುದೇ ಗಿಡ, ಹುಳು, ಮೀನಿನ ಬಗ್ಗೆ ಇವನ್ನು ಕೇಳಬಹುದು.

1. ಇದರ ತವರು ಯಾವುದು?
2. ಇಲ್ಲಿಗೆ ಹೇಗೆ ಬಂತು, ಯಾರು ತಂದರು?
3. ಇಲ್ಲಿ ಇದನ್ನು ತಿನ್ನುವವರು ಯಾರಾದರೂ ಇದ್ದಾರೆಯೇ?
4. ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಿದೆ?

ನಾಲ್ಕನೆಯದಕ್ಕೆ ಒಂದು ನೋಟ್‌ಬುಕ್ ಸಾಕು. ಶಾಲೆಯ ಮೈದಾನದಲ್ಲೋ ಕೆರೆ ದಂಡೆಯಲ್ಲೋ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗ ಗುರುತು ಮಾಡಿ, ಪ್ರತಿ ತಿಂಗಳು ಎಣಿಸಿ ಬರೆಯಿರಿ. ಮೂರನೆಯದಕ್ಕೆ ಊರಿನ ಹಿರಿಯರನ್ನು, ಕುರಿಗಾಹಿಗಳನ್ನು, ಮೀನು ಹಿಡಿಯುವವರನ್ನು ಕೇಳಿ. ಯಾವ ಗಿಡಕ್ಕೆ ಕುರಿ ಬಾಯಿ ಹಾಕುವುದಿಲ್ಲ ಎಂಬುದು ಅವರಿಗೆ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು.

ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ದೇಶದಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಆಚರಿಸುತ್ತಾರೆ. ಕೀಳುವುದಾದರೆ ಹೂ ಬಿಡುವ ಮುಂಚೆ ಕೀಳಬೇಕು. ಕೈಗವಸು, ಮುಖಕ್ಕೆ ಬಟ್ಟೆ, ತುಂಬು ತೋಳಿನ ಅಂಗಿ ಕಡ್ಡಾಯ. ಅಲರ್ಜಿ, ಉಬ್ಬಸ ಇರುವ ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ. ತುರಿಕೆ ಕಾಣಿಸಿದರೆ ಮನೆಮದ್ದು ಹಚ್ಚುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಮನೆಯ ಅಕ್ವೇರಿಯಂನ ಮೀನು, ಆಮೆ ಸಾಕಲಾಗದಿದ್ದರೆ ಕೆರೆಗೆ ಬಿಡಬೇಡಿ. ಅದು ಪುಣ್ಯದ ಕೆಲ್ಸದಂತೆ ಕಾಣುತ್ತದೆ, ಆದರೆ ಕೆರೆಯ ಮೀನುಗಳಿಗೆ ಅದೇ ಕುತ್ತು. ಮೀನು ಮಾರುವವರಿಗೆ ಹಿಂದಿರುಗಿಸಿ, ಇಲ್ಲವೇ ಸಾಕಬಲ್ಲವರಿಗೆ ಕೊಡಿ.

ಕೊನೆಯ ವರ್ಷಗಳು

ಎಲ್ಟನ್ ತಮ್ಮ ಬದುಕಿನ ದೊಡ್ಡ ಭಾಗವನ್ನು ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ ಕಳೆದರು. ಒಂದೇ ಕಾಡನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನೋಡುತ್ತಾ, ಬಿದ್ದ ಮರದ ದಿಮ್ಮಿಯಲ್ಲಿ ಯಾವ ಹುಳುವಿದೆ ಎಂಬುದನ್ನೂ ಬಿಡದೆ ಬರೆದಿಟ್ಟರು. 1966ರಲ್ಲಿ ಅದರ ಫಲವಾಗಿ ಇನ್ನೊಂದು ದೊಡ್ಡ ಪುಸ್ತಕ ಬಂತು. ಮರುವರ್ಷ ಅವರು ನಿವೃತ್ತರಾದರು. ಅವರೊಂದಿಗೇ, ಅವರು ಕಟ್ಟಿದ ಬ್ಯೂರೋವನ್ನೂ ವಿಶ್ವವಿದ್ಯಾಲಯ ಮುಚ್ಚಿತು. 35 ವರ್ಷದ ಕೆಲಸ ಅಲ್ಲಿಗೆ ನಿಂತಿತು.

ಆಕ್ರಮಣಗಳ ಬಗೆಗಿನ ಅವರ ಪುಸ್ತಕವನ್ನೂ ಬಹುಕಾಲ ವಿಜ್ಞಾನಿಗಳು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. 1980ರ ದಶಕದಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಸಮಸ್ಯೆಯ ಅಧ್ಯಯನ ಶುರುವಾದಾಗ ಎಲ್ಲರೂ ಅದನ್ನು ಮತ್ತೆ ತೆರೆದರು. ಅದು ಇಂದಿಗೂ ಓದಿನಲ್ಲಿದೆ. ಎಲ್ಟನ್ 1991ರ ಮೇ 1ರಂದು ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಅವರ ಪತ್ನಿ ಎಡಿತ್ ಜಾಯ್ ಸ್ಕೋವೆಲ್ ಕವಿಯಾಗಿ ಹೆಸರಾದವರು.

ಕೆನಡಾದ ಬೇಟೆಗಾರರಿಗೆ ಎಲ್ಟನ್ ತಂಡ ಕಳಿಸುತ್ತಿದ್ದ ಪ್ರಶ್ನೆಪತ್ರ ತಲುಪಲು ವಾರಗಟ್ಟಲೆ ಬೇಕಿತ್ತು. ನಿಮ್ಮ ಕೈಯಲ್ಲಿರುವ ಮೊಬೈಲಿಗೆ ಒಂದು ಕ್ಷಣ ಸಾಕು. ಕೆರೆಯಲ್ಲಿ ಹಿಂದೆಂದೂ ಕಾಣದ ಮೀನು, ತೋಟದಲ್ಲಿ ಹೊಸ ಹುಳು, ಬದುವಿನಲ್ಲಿ ಗುರುತಿಲ್ಲದ ಗಿಡ ಕಂಡರೆ ಫೋಟೊ ತೆಗೆಯಿರಿ. ಊರಿನ ಹೆಸರು, ತಾರೀಕು ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಅರಣ್ಯ, ಮೀನುಗಾರಿಕೆ ಇಲಾಖೆಗೋ ಕಳಿಸಿ. ನಾಲ್ಕೈದು ಇರುವಾಗಲೇ ಕಳಿಸಿ.